ಬಿಳಿ ಕೈ ತೋರಿಸಿದ ಕಡೆ

ಫೆಬ್ರವರಿ 3

ಗುಬ್ಬಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಮೇಷ್ಟರು, ಅಂದರೆ ನಿನ್ನ ಯಜಮಾನರು, ಮುಂದಿನ ಹಲ್ಲು ಕಟ್ಟಿಸಿಕೊಂಡರಂತೆ. ಪಾಠ ಮಾಡುವಾಗ ಸೀಟಿ ಹೊಡೆಯುವುದು ನಿಂತಿತೇ? ನಿನ್ನ ಮಗಳು ಚಿಲ್ಟಾರಿಯ ನೆಗಡಿ ಇಳಿಯಿತೇ? ನಿಮ್ಮ ಒಂಟಿಕಣ್ಣಿನ ಬೆಕ್ಕು ದಿವಾನರು ಸೌಖ್ಯವೇ? ಮನೆಯಲ್ಲಿ ಉಳಿದವರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಿನ್ನ ದೊಡ್ಡಮ್ಮ ಗಟ್ಟಿಮುಟ್ಟು. ನಾನೂ ಗಟ್ಟಿಯೇ, ಒಂದು ಕಾಲು ಬಿಟ್ಟು.

ಫೋನಿನಲ್ಲಿ ಮಾತಾಡಿದರೆ ನನ್ನ ಕಿವಿಗೆ ಡಬ್ಬಿಯೊಳಗೆ ಜೇನುಹುಳ ಬಿಟ್ಟ ಹಾಗಾಗುತ್ತದೆ. ನಲವತ್ತೈದು ವರ್ಷ ಗಡಿಯಾರಗಳ ಗಂಟೆ ಕೇಳಿದ ಕಿವಿ ಅದು, ಅದನ್ನು ಬೈಯುವಂತಿಲ್ಲ. ಆದ್ದರಿಂದ ಕಾಗದ. ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊ. ನಾನು ಅಕ್ಷರ ಕಲಿತದ್ದು ಗಡಿಯಾರದ ಡಬ್ಬಿಗಳ ಮೇಲಿನ ಬರಹ ಓದಿ ಎಂದು ನಿನಗೆ ಗೊತ್ತಲ್ಲ.

ನೀನು ಕಳಿಸಿದ ಪೊಟ್ಟಣ ಬಂತು. ಅಂಚೆಯವನು, "ಇದೇನ್ ಯಜಮಾನ್ರೇ, ಮಗಳು ಇಟ್ಟಿಗೆ ಕಳಿಸಿದಾಳಾ?" ಎಂದ. ಇನ್ನು ಐದು ವಾರ ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಗೋಡೆ ನೋಡಬೇಕಾಗಿದ್ದವನಿಗೆ ನೀನು ಟಿ.ವಿ.ಯಲ್ಲಿ ಆಡುವ ಒಂದು ಆಟವನ್ನೇ ಕಳಿಸಿದ್ದೀಯ. ಎಷ್ಟು ಹೇಳಿದರೂ ಕಡಿಮೆಯೇ, ತಾಯಿ. ಕಾಲು ಮುರಿದದ್ದು ಹೇಗೆ ಎಂದು ಕೇಳಿದ್ದೀಯ. ಮೆಟ್ಟಿಲಲ್ಲಿ ಜಾರಿತು. ದೊಡ್ಡ ಕಥೆಯೇನಿಲ್ಲ.

ಪೊಟ್ಟಣಕ್ಕೆ ದಾರ ಕಟ್ಟಿದವರು ಯಾರು? ಗಂಟು ಚೆನ್ನಾಗಿತ್ತು. ಬಿಚ್ಚಲು ಮನಸ್ಸಾಗದೆ ಪಕ್ಕದಿಂದ ಕತ್ತರಿಸಿದೆ.

ಆ ಪೆಟ್ಟಿಗೆಯನ್ನು ಟಿ.ವಿ.ಗೆ ಜೋಡಿಸಿಕೊಟ್ಟವನು ಎದುರಂಗಡಿ ಕ್ಷೌರದವನು. ಇಡೀ ಬೀದಿ ಅವನನ್ನು ಕತ್ತರಿ ಎಂದೇ ಕರೆಯುವುದು, ಕೈಯಿಂದಲ್ಲ, ನಾಲಿಗೆಯಿಂದ. ಆಟದಲ್ಲಿ ಬರುವ ಮಾತುಗಳನ್ನೆಲ್ಲ ನೀನು ನಮ್ಮ ಅಕ್ಷರದಲ್ಲಿ ಚೀಟಿ ಬರೆದಿಟ್ಟದ್ದು ಉಪಕಾರವಾಯಿತು. ನಾಲ್ಕು ಜನ ವೀರರು ಕಾಡಿನಲ್ಲಿ ಹೊರಟರು. ಹತ್ತು ಹೆಜ್ಜೆ ಇಟ್ಟರೋ ಇಲ್ಲವೋ, ಪರದೆ ಸುಳಿಯಾಗಿ ತಿರುಗಿ, ಈ ಕಡೆ ನಮ್ಮವರು ಸಾಲಾಗಿ, ಆ ಕಡೆ ಹಂದಿಮುಖದ ಒಂದು ಪ್ರಾಣಿ ಗದೆ ಹಿಡಿದು ನಿಂತಿತು. ಹೊಡೆಯುತ್ತದೆ ಎಂದು ಕಾದೆ. ಅದು ಉಸಿರಾಡುತ್ತ, ಹೊಟ್ಟೆ ಕುಣಿಸುತ್ತ ನಿಂತೇ ಇತ್ತು. ಜಗಳ ತೆಗೆದದ್ದು ಅದು, ಮೊದಲ ಏಟು ಅದರದ್ದೇ ಅಲ್ಲವೇ ಎಂದು ನಾನೂ ಮರ್ಯಾದೆಯಿಂದ ಕೂತೆ. ನಿನ್ನ ದೊಡ್ಡಮ್ಮ ಪೇಟೆಗೆ ಹೋಗಿ, ಸಾಮಾನು ತಂದು, ಒಲೆ ಹಚ್ಚಿ, ಬಂದು ನೋಡಿದಳು.

"ಏನ್ರೀ, ಇನ್ನೂ ಹೀಗೇ ಮುಖ ಮುಖ ನೋಡ್ಕೊಂಡು ಕೂತಿದೀರಾ? ಸಂಬಂಧ ಏನಾದ್ರೂ ಕುದುರಿಸ್ತಿದೀರೋ ಹೆಂಗೆ?"

ಆಟ ಕೆಟ್ಟಿದೆಯೋ, ನಾನು ಕೆಟ್ಟಿದ್ದೇನೋ ತಿಳಿಸು.

ನಿನ್ನ ದೊಡ್ಡಪ್ಪ


ಫೆಬ್ರವರಿ 10

ದೊಡ್ಡಪ್ಪನಿಗೆ ಗುಬ್ಬಿಯ ನಮಸ್ಕಾರ.

ನಿಮ್ಮ ಕಾಗದವನ್ನು ಡಿಪೋದಲ್ಲಿ, ಬಸ್ಸಿನ ಸ್ಟೀರಿಂಗ್ ಮೇಲಿಟ್ಟುಕೊಂಡು ಓದಿ ನಕ್ಕೆ. ನಮ್ಮ ಕಂಡಕ್ಟರು, "ಏನಕ್ಕಾ, ಲಾಟರಿ ಹೊಡೀತಾ?" ಎಂದ.

ಆಟ ಕೆಟ್ಟಿಲ್ಲ ದೊಡ್ಡಪ್ಪ. ಅದು ನಿಮಗಾಗಿ ಕಾಯುತ್ತಿತ್ತು. ಪರದೆಯ ಕೆಳಗೆ ಹೆಸರುಗಳ ಪಟ್ಟಿ ಇದೆಯಲ್ಲ, ಅದರ ಪಕ್ಕ ಒಂದು ಪುಟ್ಟ ಬಿಳಿ ಕೈ ಮಿಣುಕುತ್ತದೆ. ಅದು ಯಾರ ಹೆಸರಿನ ಮುಂದಿದೆಯೋ ಸರದಿ ಅವರದು. ಆಗ ಐದರಲ್ಲಿ ಒಂದನ್ನು ನೀವು ಆರಿಸಬೇಕು: ಹೊಡೆ, ಮಂತ್ರ ಹಾಕು, ಗುರಾಣಿ ಹಿಡಿ, ಚೀಲ ತೆರೆ, ಓಡು. ನೀವು ಆರಿಸುವವರೆಗೆ ಯಾರೂ ಅಲ್ಲಾಡುವುದಿಲ್ಲ. ಹಂದಿ ಇನ್ನೂ ನೂರು ವರ್ಷ ಬೇಕಾದರೂ ಹಾಗೇ ಹೊಟ್ಟೆ ಕುಣಿಸಿಕೊಂಡು ನಿಂತಿರುತ್ತದೆ. ನಾನು ಓಡಿಸುವ ರಸ್ತೆಯಲ್ಲಿ ಸಿಗ್ನಲ್ ಹಸಿರಾದ ಅರ್ಧ ಗಳಿಗೆಗೆ ಹಿಂದಿನವನು ಹಾರ್ನ್ ಒತ್ತುತ್ತಾನೆ. ಈ ಆಟದಲ್ಲಿ ಹಾರ್ನ್ ಇಲ್ಲ. ಅದಕ್ಕೇ ನಿಮಗೆ ಕಳಿಸಿದ್ದು.

ಒಂದು ಸುತ್ತಿನಲ್ಲಿ ಎಲ್ಲರಿಗೂ ಒಂದೊಂದು ಸರದಿ. ಚುರುಕು ಹೆಚ್ಚಿದ್ದವರಿಗೆ ಮೊದಲು, ನಿಧಾನಸ್ಥರಿಗೆ ಕೊನೆಗೆ. ಶತ್ರುಗಳೂ ಅದೇ ಸಾಲಿನಲ್ಲಿ ನಡುವೆ ಬರುತ್ತಾರೆ. ಇನ್ನೊಂದು ಅನುಕೂಲ: ಹಿಂದಿನ ಸಲ ಯಾರು ಏನು ಆರಿಸಿದ್ದರೋ ಅದನ್ನು ಆಟ ನೆನಪಿಡುತ್ತದೆ. ಪೆಟ್ಟಿಗೆ ಬಂದ್ ಮಾಡಿ ಮತ್ತೆ ಹಚ್ಚಿದರೂ ಬಿಳಿ ಕೈ ಅದರ ಮೇಲೇ ಬಂದು ಕೂರುತ್ತದೆ. ಅದನ್ನೇ ಮತ್ತೆ ಮಾಡುವುದಾದರೆ ಗುಂಡಿ ಒತ್ತಿದರೆ ಸಾಕು.

ಒಂದೇ ಒಂದು ಕೋರಿಕೆ. ಆಟ ಶುರುವಾಗುವಾಗ, ಆಡಿದ್ದನ್ನು ಉಳಿಸಿಡುವ ಎರಡು ಮನೆಗಳು ಕಾಣುತ್ತವೆ. ಮೊದಲನೆಯದು ನಿಮ್ಮದು. ಎರಡನೆಯದರಲ್ಲಿ ಹಳೆಯ ಆಟ ಒಂದನ್ನು ಉಳಿಸಿಟ್ಟಿದೆ. ಅದನ್ನು ಮುಟ್ಟಬೇಡಿ.

ಅಮ್ಮನ ಮಂಡಿ ಹಾಗೇ ಇದೆ. ಮೇಷ್ಟರ ಸೀಟಿ ನಿಂತಿದೆ, ಮಕ್ಕಳಿಗೆ ಬೇಜಾರಂತೆ. ಚಿಲ್ಟಾರಿ ಚೆನ್ನಾಗಿದ್ದಾಳೆ, ದಿವಾನರೂ ಸಹ. ನೀವು ನಮ್ಮ ಬೆಕ್ಕನ್ನೂ ಹೆಸರು ಹಿಡಿದು ಕೇಳಿ ಕೊನೆಗೆ "ಉಳಿದವರೂ" ಎನ್ನುತ್ತೀರಿ. ನಮ್ಮ ಮನೆಯಲ್ಲಿ ಹಾಗೆ ಉಳಿಯುವವರು ಒಬ್ಬರೇ, ದೊಡ್ಡಪ್ಪ. ನನ್ನ ಅಪ್ಪ. ನಿಮ್ಮ ತಮ್ಮ. ಅವರೂ ಇದ್ದಾರೆ.

ಪೊಟ್ಟಣ ಮನೆಯಲ್ಲೇ ಕಟ್ಟಿದ್ದು.

ಗುಬ್ಬಿ


ಫೆಬ್ರವರಿ 24

ಗುಬ್ಬಿಗೆ ಆಶೀರ್ವಾದಗಳು.

ಎಲ್ಲರೂ ಕ್ಷೇಮವೆಂದು ತಿಳಿದು ಸಂತೋಷ. ಎಲ್ಲರೂ ಎಂದೇ ಬರೆದಿದ್ದೇನೆ, ಗಮನಿಸು.

ಈಗ ಕೇಳು ನಮ್ಮ ಪರಾಕ್ರಮ. ನಾಲ್ವರಿಗೂ ನನ್ನ ಕೆಲಸದ ಮೇಜಿನ ಹೆಸರುಗಳನ್ನೇ ಇಟ್ಟಿದ್ದೇನೆ. ಕತ್ತಿ ಹಿಡಿದ ದಾಂಡಿಗ ಸುತ್ತಿಗೆ. ತೆಳ್ಳಗೆ ಜಿಗಿಯುವ ಕಳ್ಳ ಚಿಮಟ. ಬೆಂಕಿ ಹಾರಿಸುವ ಮಾಟಗಾತಿ ಬೆಂಕಿಪೆಟ್ಟಿಗೆ. ಆ ಹೆಸರು ತನ್ನನ್ನು ನೋಡಿಯೇ ಇಟ್ಟದ್ದೆಂದು ನಿನ್ನ ದೊಡ್ಡಮ್ಮನ ಆರೋಪ. ಗಾಯ ವಾಸಿಮಾಡುವ ಮುದುಕ ಎಣ್ಣೆಬುಡ್ಡಿ.

ಈ ಆಟ ಕಟ್ಟಿದವನು ಗಡಿಯಾರದ ಕೆಲಸ ಬಲ್ಲವನೇ ಇರಬೇಕು. ಚಕ್ರದ ಒಂದು ಹಲ್ಲು ಇನ್ನೊಂದಕ್ಕೆ ದಾರಿ ಬಿಟ್ಟಮೇಲೇ ಮುಂದಿನದು. ಚಿಮಟನ ಚುರುಕು ಹತ್ತೊಂಬತ್ತು, ಅವನದು ಮೊದಲು. ಆಮೇಲೆ ಶತ್ರು. ಎಣ್ಣೆಬುಡ್ಡಿಯ ಚುರುಕು ಆರು, ಅವನು ಎದ್ದು ಮಂತ್ರ ಹೇಳುವಷ್ಟರಲ್ಲಿ ಸುತ್ತಿಗೆಗೆ ಎರಡು ಏಟು ಬಿದ್ದಿರುತ್ತವೆ. ಆದ್ದರಿಂದ ಗಾಯವಾದ ಮೇಲೆ ಔಷಧಿ ಎಂದರೆ ಆಗದು. ಗಾಯ ಆಗುವುದಕ್ಕೆ ಮುಂಚೆಯೇ ಯಾರಿಗೆ ಆಗುತ್ತದೆಂದು ಊಹಿಸಿ ಮುದುಕನಿಗೆ ಅಪ್ಪಣೆ ಕೊಡಬೇಕು. ಇದನ್ನು ಕಲಿಯಲು ನಾಲ್ಕು ಸಲ ಸತ್ತೆ. ಮುಂದಿನ ಸಾಲಿನಲ್ಲಿ ನಿಂತವರು ಜೋರಾಗಿ ಹೊಡೆಯುತ್ತಾರೆ, ಜೋರಾಗಿ ಏಟೂ ತಿನ್ನುತ್ತಾರೆ. ಹಿಂದಿನ ಸಾಲಿನವರಿಗೆ ಅರ್ಧ ಏಟು. ಮಂಜಿನ ತೋಳಕ್ಕೆ ಬೆಂಕಿ, ಬೆಂಕಿ ಉಗುಳುವ ಹಲ್ಲಿಗೆ ನೀರು. ಬೆಂಕಿಪೆಟ್ಟಿಗೆಗೆ ಮಂತ್ರಶಕ್ತಿ ತೀರಿದರೆ ಬರೀ ಕೋಲಿನಿಂದ ತಟ್ಟುತ್ತಾಳೆ. ನಮ್ಮ ಮನೆಯವಳಿಗೆ ಮಾತ್ರ ತೀರುವುದೇ ಇಲ್ಲ.

ಐದನೇ ಸಲ ಸತ್ತದ್ದು ನಾಚಿಕೆಗೇಡು. ಗುಹೆಯ ಜೇಡ ನಾಲ್ವರನ್ನೂ ನುಂಗಿ ಹಾಕಿದಾಗ ಕತ್ತರಿ ಪಕ್ಕದಲ್ಲಿದ್ದ.

"ಚೀಲ ತೆಗೀರಿ ಯಜಮಾನ್ರೇ, ನೋಡೋಣ."

ತೆಗೆದೆ. ಔಷಧಿ ಬಾಟಲಿ ನಲವತ್ತಾರು.

"ಅಲ್ಲಾ, ಇಷ್ಟು ಇಟ್ಕೊಂಡು ಸತ್ತಿರಾ?"

"ಮುಂದೆ ಬೇಕಾಗುತ್ತೆ ಅಂತ ಇಟ್ಟಿದ್ದೆ ಕಣೋ."

"ಸತ್ತ ಮೇಲೆ ಯಾವ ಮುಂದೆ? ಇವರ ಬೀರು ನೋಡಿದೀರಾ ಅಕ್ಕಾ, ಅದ್ರಲ್ಲೂ ಹೊಸ ಅಂಗಿ ಹಿಂಗೇ ಇಟ್ಟಿರ್ತಾರೆ" ಎಂದು ನಿನ್ನ ದೊಡ್ಡಮ್ಮನ ಮುಂದೆ ಮಾನ ಕಳೆದ. ಅವಳು ಬೀರು ತೆರೆದೇ ತೋರಿಸಿದಳು. ಏಳು ಇದ್ದವು.

ವಿಷದ ವಿಚಾರ ಹೇಳಲೇಬೇಕು. ಬಸವನಹುಳು ಕಚ್ಚಿ ಸುತ್ತಿಗೆ ಹಸಿರಾದ. ತಾನಾಗಿ ಇಳಿಯುತ್ತದೆಂದು ಬಿಟ್ಟೆ. ಇಳಿಯಲಿಲ್ಲ. ಪ್ರತಿ ಸರದಿಗೂ ಸ್ವಲ್ಪ ಸ್ವಲ್ಪ ತಿಂದಿತು. ಅಷ್ಟು ಸಣ್ಣ ಕಡಿತಕ್ಕೆ ಅಷ್ಟು ದೊಡ್ಡ ಆಳು ಬಿದ್ದ.

ಇನ್ನೊಂದು ನೋಡಿದೆ. ಎಣ್ಣೆಬುಡ್ಡಿ ಇಷ್ಟು ದಿನದಲ್ಲಿ ಒಂದು ಏಟೂ ಹೊಡೆದಿಲ್ಲ. ಗೆದ್ದಾಗ ಕತ್ತಿ ಎತ್ತಿ ಕುಣಿಯುವವನು ಸುತ್ತಿಗೆ. ಮುದುಕನಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳುವುದಿಲ್ಲ. ಆಟದಲ್ಲಿ ಆ ಗುಂಡಿಯೇ ಇಲ್ಲ. ನಿನ್ನೆಯಿಂದ ನಾನೇ ಗಟ್ಟಿಯಾಗಿ ಹೇಳುತ್ತಿದ್ದೇನೆ. ನಿನ್ನ ದೊಡ್ಡಮ್ಮ ಡಾಕ್ಟರ ಹತ್ತಿರ, "ಕಾಲು ಬಿಡಿ, ಒಂದ್ಸಲ ತಲೇನೂ ನೋಡಿ" ಎಂದಿದ್ದಾಳೆ.

ದೊಡ್ಡಪ್ಪ


ಮಾರ್ಚ್ 2

ದೊಡ್ಡಪ್ಪನಿಗೆ,

ಚಿಕ್ಕ ಕಾಗದ, ಕ್ಷಮಿಸಿ. ಡಿಪೋದಲ್ಲಿ ಎರಡೆರಡು ಪಾಳಿ ಬೀಳುತ್ತಿವೆ. ಕೆಲವು ವಾರ ಬರೆಯಲು ಆಗದಿರಬಹುದು. ಏಳು ಅಂಗಿಯಲ್ಲಿ ಒಂದನ್ನಾದರೂ ಹಾಕಿಕೊಳ್ಳಿ. ಎಲ್ಲರೂ ಇದ್ದೇವೆ.

ಗುಬ್ಬಿ


ಮಾರ್ಚ್ 19

ಗುಬ್ಬಿಗೆ ಆಶೀರ್ವಾದಗಳು.

ಹದಿನೇಳು ದಿನವಾಯಿತು. ಮೊದಲು ಪಾಳಿ ಎಂದುಕೊಂಡೆ. ಆಮೇಲೆ ಮುದುಕನ ಆಟದ ಪುರಾಣ ಕೇಳಿ ಬೇಸತ್ತಳು ಎಂದುಕೊಂಡೆ. ಹಾಗಿದ್ದರೆ ಹೇಳಿಬಿಡು, ಹೂವಿನ ಗಿಡದ ವಿಚಾರ ಬರೆಯುತ್ತೇನೆ. ಪ್ಲಾಸ್ಟರ್ ತೆಗೆದರು. ಕಾಲು ಮೂಲಂಗಿಯಷ್ಟು ಬೆಳ್ಳಗಾಗಿದೆ. ನೀಲಿ ಗೆರೆಯ ಅಂಗಿ ಹಾಕಿಕೊಂಡು ಬರೆಯುತ್ತಿದ್ದೇನೆ.

ಒಂದು ತಪ್ಪಾಗಿದೆ. ನೀನು ಮುಟ್ಟಬೇಡ ಎಂದದ್ದನ್ನು ಮುಟ್ಟಿಯಾಯಿತು. ನಿನ್ನ ದೊಡ್ಡಮ್ಮನಿಗೂ ಹುಚ್ಚು ಹಿಡಿದಿದೆ. ಮೊನ್ನೆ ನಾನು ನಡೆಯುವ ಅಭ್ಯಾಸ ಮಾಡುತ್ತಿದ್ದಾಗ ಕೂತು ಎರಡನೇ ಮನೆ ತೆರೆದಿದ್ದಳು.

"ಗುಬ್ಬಿ ಬೇಡ ಅಂದಿದ್ಲಲ್ಲೇ!"

"ನಿಮಗೆ ಬೇಡ ಅಂದಿದ್ದು. ನನಗೇನೂ ಹೇಳಿಲ್ಲ. ಸುಮ್ನಿರಿ, ಬಂದಿಲ್ಲಿ ನೋಡಿ."

ಒಂದು ದೊಡ್ಡ ಕಬ್ಬಿಣದ ಬಾಗಿಲು. ಅದರ ಮುಂದೆ ನಾಲ್ವರು. ಆಡಿದ ಹೊತ್ತು ಇನ್ನೂರ ಹನ್ನೆರಡು ಗಂಟೆ ಎಂದಿತ್ತು. ಮುಂದಿನ ಸಾಲಿನಲ್ಲಿ ಕತ್ತಿ ಹಿಡಿದವನ ಹೆಸರು ಅಣ್ಣ. ಪಕ್ಕದಲ್ಲಿ ಅವ್ವ. ಹಿಂದೆ ಮಂತ್ರದವಳು ಗುಬ್ಬಿ. ಕೊನೆಯಲ್ಲಿ ಗಾಯ ವಾಸಿಮಾಡುವವನು, ತಮ್ಮ.

ಅಣ್ಣನ ಮೈಮೇಲೆ ಚಿನ್ನದ ಕವಚ, ಗರುಡನ ಶಿರಸ್ತ್ರಾಣ, ಬೆಂಕಿ ತಾಗದ ಗುರಾಣಿ. ತಮ್ಮನ ತಲೆಯ ಮೇಲೆ ಆಟದ ಮೊದಲ ಊರಿನಲ್ಲಿ ಸಿಗುತ್ತದಲ್ಲ, ಬಟ್ಟೆಯ ಟೋಪಿ, ಅದೇ.

ನಾವು ಅಲ್ಲಾಡಿದ್ದೇ ಎರಡು ಗೂಬೆಗಳು ಬಂದವು. ಅಣ್ಣನಿಗೆ ಒಂದು ಏಟು ಬಿತ್ತು. ಆಮೇಲೆ ಸರದಿ ತಮ್ಮನಿಗೆ ಬಂತು. ನಾನು ಏನನ್ನೂ ಒತ್ತಿಲ್ಲ, ಗುಬ್ಬಿ. ಬಿಳಿ ಕೈ ತಾನಾಗಿ ಹೋಗಿ "ಗುಣಪಡಿಸು" ಎಂಬುದರ ಮೇಲೆ ಕೂತಿತು. ಒತ್ತಿದೆ. ಯಾರನ್ನು ಎಂದು ಕೇಳುವ ಪಟ್ಟಿ ಬಂತು. ಅಲ್ಲೂ ಅದು ಮೊದಲೇ ಅಣ್ಣ ಎಂಬ ಹೆಸರಿನ ಮುಂದೆ ಮಿಣುಕುತ್ತಿತ್ತು. ನೀನೇ ಬರೆದಿದ್ದೆಯಲ್ಲ, ಆಟ ನೆನಪಿಡುತ್ತದೆ ಎಂದು.

ಏನನ್ನೂ ಉಳಿಸದೆ ಪೆಟ್ಟಿಗೆ ಬಂದ್ ಮಾಡಿಬಿಟ್ಟೆ. ಅದು ಇದ್ದ ಹಾಗೇ ಇದೆ.

ಆ ಪೊಟ್ಟಣದ ಗಂಟು ಗಡಿಯಾರದ ತೂಕದ ಗುಂಡು ನೇತುಹಾಕುವ ಗಂಟು. ಅದು ಗೊತ್ತಿದ್ದವರು ಇಬ್ಬರೇ. ಒಬ್ಬನು ನಾನು, ಇನ್ನೊಬ್ಬನಿಗೆ ಕಲಿಸಿದವನೂ ನಾನೇ. ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಾಗದವನ ಹಾಗೆ ನಿನ್ನನ್ನು ಕೇಳಿದೆ. ನಾನು ಜಾರಿದ್ದೂ ಮನೆಯ ಮೆಟ್ಟಿಲಲ್ಲಿ ಅಲ್ಲ, ಪೇಟೆಯ ಗಡಿಯಾರದ ಗೋಪುರದಲ್ಲಿ.

ನೀನೂ ಏನೋ ಮುಚ್ಚಿಡುತ್ತಿದ್ದೀಯ. "ಎಲ್ಲರೂ ಇದ್ದೇವೆ" ಎಂದು ನೀನು ಹಾಗೆ ಬರೆಯುವವಳಲ್ಲ. ಬರೆ.

ದೊಡ್ಡಪ್ಪ


ಮಾರ್ಚ್ 23

ದೊಡ್ಡಪ್ಪನಿಗೆ,

ಪಾಳಿ ಇರಲಿಲ್ಲ. ಆಸ್ಪತ್ರೆ ಇತ್ತು. ಅಪ್ಪನ ಹೃದಯದ ಮೂರು ನಾಳಗಳು ಕಟ್ಟಿವೆ. ಏಪ್ರಿಲ್ ನಾಲ್ಕಕ್ಕೆ ಆಪರೇಷನ್. "ಅಣ್ಣನಿಗೆ ಹೇಳಬೇಡ, ಕಾಲು ನೋವಲ್ಲಿದ್ದಾನೆ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಮುರಿದಿದ್ದೇನೆ. ನೀವೂ ಮುರಿದಿರಲ್ಲ, ಲೆಕ್ಕ ಸರಿಹೋಯಿತು.

ನಿಮ್ಮ ಕಾಲಿನ ಸುದ್ದಿ ಬಂದ ದಿನ ಅಪ್ಪ ಅಟ್ಟದಿಂದ ಆ ಪೆಟ್ಟಿಗೆ ಇಳಿಸಿ, ಒರೆಸಿ, ಒಳಗಿನ ಒಂದು ತಂತಿ ಬೆಸೆದು, ತಾವೇ ಕಟ್ಟಿದರು. "ನೀನು ಕಳಿಸಿದ ಹಾಗೆ ಕಳಿಸು" ಎಂದರು. ಎರಡನೇ ಮನೆಯನ್ನು ಅಳಿಸಲಾ ಎಂದು ಕೇಳಿದೆ. ಬೇಡ ಎಂದರು. ನೀವು ನೋಡಿದರೆ ಕೋಪ ಮಾಡಿಕೊಳ್ಳುತ್ತೀರಿ ಎಂದು ನನಗೆ ಭಯ, ಅದಕ್ಕೇ ಮುಟ್ಟಬೇಡಿ ಎಂದು ಬರೆದದ್ದು. ಈಗ ಅನ್ನಿಸುತ್ತದೆ, ಅಪ್ಪನಿಗೆ ನೀವು ನೋಡಲಿ ಎಂದೇ ಇತ್ತೋ ಏನೋ.

ನನಗೆ ಹತ್ತು ವರ್ಷವಾಗಿದ್ದಾಗ ಕಾಮಾಲೆಯಾಗಿ ಮೂರು ತಿಂಗಳು ಮಲಗಿದ್ದೆ. ಆಗ ಅಪ್ಪ ತಂದ ಆಟ ಅದು. ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಎಣ್ಣೆಗೈಯಲ್ಲೇ ಬಂದು ನನ್ನ ಮಂಚದ ಪಕ್ಕ ಕೂರುತ್ತಿದ್ದರು. "ಅಪ್ಪಾ, ಆಟದ ತಮ್ಮನೂ ಒಂದ್ಸಲ ಹೊಡೀಲಿ" ಎಂದರೆ, "ಅವನ ಕೆಲಸ ಅದಲ್ಲಮ್ಮ" ಎನ್ನುತ್ತಿದ್ದರು. ಆ ಬಾಗಿಲಿನಾಚೆ ಕೊನೆಯ ರಾಕ್ಷಸ ಇದ್ದಾನೆ. ನಾನು ವಾಸಿಯಾಗಿ ಶಾಲೆಗೆ ಹೋದೆ, ಅಪ್ಪ ಮಾತ್ರ ಒಳಗೆ ಹೋಗಲೇ ಇಲ್ಲ. ಯಾಕೆ ಎಂದು ಕೇಳಿದರೆ ಒಮ್ಮೆ ಹೇಳಿದರು: "ಮುಗಿಸಿಬಿಟ್ಟರೆ ಅಣ್ಣನ ಜೊತೆ ಇನ್ನೆಲ್ಲಿಗೆ ಹೋಗೋದು?"

ನಿಮ್ಮಿಬ್ಬರ ನಡುವೆ ಏನಾಯಿತು ಎಂದು ಅವರು ಯಾವತ್ತೂ ಹೇಳಿಲ್ಲ. ನಾನೂ ಕೇಳುವುದಿಲ್ಲ. ಏಪ್ರಿಲ್ ನಾಲ್ಕಕ್ಕೆ ಮುಂಚೆ ಒಂದು ಸಾಲು ಬರೆಯುತ್ತೀರಾ?

ಗುಬ್ಬಿ


ಮಾರ್ಚ್ 27

ತಮ್ಮಾ,

ಹೇಗಿದ್ದೀಯ? ಇಷ್ಟು ಕೇಳಲು ನನಗೆ ಮೂವತ್ತೆಂಟು ವರ್ಷ ಹಿಡಿಯಿತು. ಮದುವೆ ಮನೆಗಳಲ್ಲಿ ಕೇಳಿದ್ದೇನೆ, ಅವ್ವ ಹೋದಾಗಲೂ ಕೇಳಿದ್ದೇನೆ, ಆದರೆ ಅದು ಬಾಯಿಮಾತು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಈ ಸಲ ನಿಂತಿದ್ದೇನೆ. ನಿನ್ನ ಮಗಳನ್ನು ಬೈಯಬೇಡ. ಅವಳು ಹೇಳಿದ್ದು ಒಳ್ಳೆಯದೇ ಆಯಿತು.

ನನ್ನ ಶ್ವಾಸಕೋಶ ಕೆಟ್ಟು ಊರಾಚೆಯ ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳು ಮಲಗಿದ್ದಾಗ ನಿನಗೆ ಹದಿನೆಂಟು. ನೀನು ಓದು ಬಿಟ್ಟು ನನ್ನ ಕೆಲಸದ ಮೇಜಿಗೆ ಕೂತೆ. ಪ್ರತಿ ಭಾನುವಾರ ಬರುತ್ತಿದ್ದೆ. ಒಳಗೆ ಬಿಡುತ್ತಿರಲಿಲ್ಲ. ಕಿಟಕಿಯ ಆಚೆ ನಿಂತು, ಬಿಚ್ಚಿದ ಗಡಿಯಾರವನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದೆ. ಯಾವ ಚಕ್ರ ಎಂದು ನಾನು ಈಚೆಯಿಂದ ಬೆರಳು ಮಾಡುತ್ತಿದ್ದೆ. ನೀನು ಚಿಮಟದಿಂದ ಅದನ್ನು ಮುಟ್ಟಿ ಇದಾ ಎಂದು ಹುಬ್ಬು ಹಾರಿಸುತ್ತಿದ್ದೆ. ನಾನು ತಲೆ ಆಡಿಸುತ್ತಿದ್ದೆ. ಒಮ್ಮೆ ನೀನು, ಒಮ್ಮೆ ನಾನು. ಮಾತು ಕೇಳಿಸದಿದ್ದರೂ ನಮ್ಮ ಸರದಿ ಒಂದು ದಿನವೂ ತಪ್ಪಲಿಲ್ಲ. ನಾನು ಬದುಕಿ ಬಂದದ್ದು ಔಷಧಿಯಿಂದ ಎಂದು ಎಲ್ಲರಿಗೂ ಹೇಳಿದೆ. ಭಾನುವಾರಕ್ಕಾಗಿ ಬದುಕಿದ್ದೆ ಎಂದು ಯಾರಿಗೂ ಹೇಳಲಿಲ್ಲ.

ವಾಪಸು ಬಂದಾಗ ಪೇಟೆಯ ದೊಡ್ಡ ಗಡಿಯಾರ ಓಡುತ್ತಿತ್ತು. ನಾನಿಲ್ಲದಾಗ ನಿಂತಿದ್ದನ್ನು, ಚಕ್ರದ ಮುರಿದ ಹಲ್ಲಿನ ಜಾಗಕ್ಕೆ ಹಿತ್ತಾಳೆಯ ಚೂರು ಬೆಸೆದು, ಅರದಿಂದ ಉಜ್ಜಿ, ನೀನು ನಡೆಸಿದ್ದೆ. ಜನ ನಿನ್ನನ್ನು ಹೊಗಳುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ನಾನಿಲ್ಲದೆಯೂ ಊರಿನ ಹೊತ್ತು ನಡೆಯಿತಲ್ಲ ಎಂದು ಅಸೂಯೆಪಟ್ಟೆ. ಅಷ್ಟು ಜನರ ಮುಂದೆ, "ಯಾರನ್ನ ಕೇಳಿ ಮುಟ್ಟಿದೆ? ಇದೇನು ಆಟದ ಸಾಮಾನಾ?" ಎಂದೆ. ನೀನು ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟೆ. ಮಾರನೇ ದಿನ ನೀನಿರಲಿಲ್ಲ.

ತಪ್ಪು ನನ್ನದೆಂದು ವಾರದಲ್ಲೇ ಗೊತ್ತಾಯಿತು. ಆದರೆ ಬಿಟ್ಟು ಹೋದವನು ಅವನು, ಅವನೇ ಬರೆಯಲಿ ಎಂದು ಕೂತೆ. ಮೊನ್ನೆ ಆ ಹಂದಿಯ ಮುಂದೆ ಕೂತ ಹಾಗೆಯೇ. ಎದುರಿನವನ ಸರದಿ ಎಂದು ಕಾದೆ, ಕಾದೆ. ಬಿಳಿ ಕೈ ಇಷ್ಟು ವರ್ಷವೂ ನನ್ನ ಹೆಸರಿನ ಮುಂದೆಯೇ ಮಿಣುಕುತ್ತಿತ್ತು, ತಮ್ಮಾ. ನಾನು ನೋಡಲಿಲ್ಲ.

ನೋಡಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಪ್ರತಿ ಜನವರಿ ಆ ಗೋಪುರ ಹತ್ತಿ ನಿನ್ನ ಹಲ್ಲಿಗೆ ನಾನೇ ಎಣ್ಣೆ ಹಾಕುತ್ತೇನೆ. ಬೇರೆ ಯಾರನ್ನೂ ಹತ್ತಲು ಬಿಟ್ಟಿಲ್ಲ. ಮೂವತ್ತೆಂಟು ವರ್ಷದಲ್ಲಿ ಅದು ಸವೆದಿಲ್ಲ. ಈ ಸಲ ಜಾರಿದ್ದು ಇಳಿಯುವಾಗ; ಎಣ್ಣೆ ಹಾಕಿ ಮುಗಿದಿತ್ತು.

ಆ ಭಾನುವಾರಗಳಿಗೆ, ಆ ಹಲ್ಲಿಗೆ, ಅವ್ವನನ್ನು ನೋಡಿಕೊಂಡದ್ದಕ್ಕೆ, ನನ್ನ ಮಾತನ್ನು ಕೇಳಿಯೂ ನಿನ್ನ ಆಟದಲ್ಲಿ ನನ್ನನ್ನು ಬದುಕಿಸಿಕೊಂಡೇ ಬಂದದ್ದಕ್ಕೆ ನಾನು ನಿನಗೆ ಋಣಿ. ನಿನಗೆ ಕೃತಜ್ಞ. ಈ ಮಾತನ್ನು ನಲವತ್ತಾರು ಬಾಟಲಿಗಳ ಹಾಗೆ ಚೀಲದಲ್ಲೇ ಇಟ್ಟುಕೊಂಡು ಸಾಯುತ್ತಿದ್ದೆ.

ಡಾಕ್ಟರು ಹೇಳಿದ ಹಾಗೆ ಕೇಳು. ಧೈರ್ಯವಾಗಿ ಒಳಗೆ ಹೋಗು. ಈ ಸಲ ಮುಂದಿನ ಸಾಲಿನಲ್ಲಿ ನೀನು ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ನಾನಿದ್ದೇನೆ.

ಅಣ್ಣ


ಏಪ್ರಿಲ್ 8

ದೊಡ್ಡಪ್ಪನಿಗೆ ನಮಸ್ಕಾರ.

ಮೊದಲು ಮುಖ್ಯ ಸುದ್ದಿ. ಆಪರೇಷನ್ ಆಯಿತು. ಅಪ್ಪ ಎದ್ದು ಕೂತಿದ್ದಾರೆ. ನಿನ್ನೆ ನಾಲ್ಕು ಹೆಜ್ಜೆ ನಡೆದರು. ಈಗ ಉಸಿರು ಬಿಡಿ.

ನಿಮ್ಮ ಕಾಗದ ಏಪ್ರಿಲ್ ಒಂದಕ್ಕೆ ಬಂತು. ಕೈಯಲ್ಲಿ ಕೊಟ್ಟು ಹೊರಗೆ ನಿಂತೆ. ತುಂಬಾ ಹೊತ್ತಾದ ಮೇಲೆ ಕರೆದರು. "ಈ ಕನ್ನಡಕ ಒರೆಸಿಕೊಡು, ಮಂಜಾಗಿದೆ" ಎಂದರು. ಒರೆಸಿ ಕೊಟ್ಟೆ. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಆ ಹಲ್ಲು ಅರ್ಧ ಕೂದಲೆಳೆ ಉದ್ದ ಆಗಿತ್ತು. ನಂಗೆ ಆವತ್ತೇ ಗೊತ್ತಿತ್ತು. ಅಣ್ಣ ಬೈದಿದ್ದು ಸರಿ. ಬೈದ ರೀತಿ ಸರಿಯಿರಲಿಲ್ಲ."

"ಹಂಗೇ ಬರೆದುಬಿಡಲಾ?"

"ಬರಿ. ನಾನೂ ಕಾಯ್ತಾ ಕೂತಿದ್ದೆ ಅಂತಾನೂ ಬರಿ."

ನಾಲ್ಕನೇ ತಾರೀಕು ಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋಗುವಾಗ ಕಾಗದ ದಿಂಬಿನ ಕೆಳಗಿತ್ತು. ನರ್ಸಮ್ಮ ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು. ಎಚ್ಚರವಾದ ಮೇಲೆ ಹೇಗಿದ್ದೀರಿ ಎಂದು ಡಾಕ್ಟರು ಕೇಳಿದರೆ, ನಮ್ಮಪ್ಪ ಬಾಯಿಗೆ ಹತ್ತಿ ಇಟ್ಟವರ ದನಿಯಲ್ಲಿ, "ಒಂಬೈನೂರ ತೊಂಬತ್ತೊಂಬತ್ತರಲ್ಲಿ ಒಂದು ನಲವತ್ತು ಇರಬಹುದು" ಎಂದರು. ಡಾಕ್ಟರು ಗಾಬರಿಯಾಗಿ ನರ್ಸಮ್ಮನ ಮುಖ ನೋಡಿದರು. ಅದು ಆಟದಲ್ಲಿ ವೀರರ ಹೆಸರಿನ ಮುಂದೆ ಕಾಣುವ ಪ್ರಾಣದ ಲೆಕ್ಕ ಎಂದು ನಾನು ನಗುತ್ತ ಅಳುತ್ತ ಬಿಡಿಸಿ ಹೇಳಬೇಕಾಯಿತು.

ಎರಡು ತಿಂಗಳಾದ ಮೇಲೆ ಪ್ರಯಾಣ ಮಾಡಬಹುದಂತೆ. ನಾನೇ ಕರೆತರುತ್ತೇನೆ, ನನ್ನ ಬಸ್ಸಿನಲ್ಲೇ ಬೇಕಂತೆ. ಸದ್ಯಕ್ಕೆ ಬಲಗೈಯಲ್ಲಿ ಸೂಜಿ ಇದೆ, ಬರೆಯಲಾಗದು. ಅದಕ್ಕೆ ನನ್ನ ಕೈಯಲ್ಲಿ.

ಗುಬ್ಬಿ


ಏಪ್ರಿಲ್ 13

ಪ್ರೀತಿಯ ತಮ್ಮನಿಗೆ,

ನಿನ್ನ ಎದೆಯ ಹೊಲಿಗೆ ಒಣಗುತ್ತಿದೆಯೇ? ಊಟ ಸೇರುತ್ತಿದೆಯೇ? ಕೆಮ್ಮುವಾಗ ದಿಂಬು ಒತ್ತಿ ಹಿಡಿದುಕೊ. ನನ್ನ ಆಸ್ಪತ್ರೆಯ ವಿದ್ಯೆ ಅದು, ಪುಕ್ಕಟೆ ಹೇಳಿಕೊಡುತ್ತಿದ್ದೇನೆ. ನಿನ್ನ ಹೆಂಡತಿಯ ಮಂಡಿ, ಗುಬ್ಬಿಯ ಆಯಾಸ, ಮೇಷ್ಟರ ಹಲ್ಲು, ಚಿಲ್ಟಾರಿ, ಉಳಿದವರು, ಎಲ್ಲರೂ ಸೌಖ್ಯವೇ? ಈ ಸಲ ಉಳಿದವರು ಎಂದರೆ ಬೆಕ್ಕು.

ಅರ್ಧ ಕೂದಲೆಳೆ ಎಂದೆಯಂತೆ. ಒಂದು ಕೂದಲೆಳೆ, ಮಾರಾಯ. ನಿನ್ನ ಹಲ್ಲು ಬಂದಾಗ ಮಾತ್ರ ಟಕ್ ಎನ್ನುವ ಸದ್ದು ಸ್ವಲ್ಪ ಗಟ್ಟಿ. ಮೂವತ್ತು ವರ್ಷ ಅದನ್ನು ಕೇಳಿದ್ದೇನೆ. ಈಗ ಕಿವಿಗೆ ಬೀಳುವುದಿಲ್ಲ, ಆದರೆ ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ತಿಳಿಯುತ್ತದೆ. ಅರ ಹಿಡಿದು ಹತ್ತಿದ್ದೂ ಉಂಟು, ಒಮ್ಮೆ. ಉಜ್ಜದೆ ಇಳಿದು ಬಂದೆ. ನೀನು ಬಂದಾಗ ಅದನ್ನು ಸರಿಮಾಡುತ್ತೇನೆ ಎಂದು ಹೊರಡಬೇಡ. ಹಾಗೇ ಇರಲಿ.

ನಿನ್ನ ಭೂತಗನ್ನಡಿ ನೀನಿಟ್ಟ ಜಾಗದಲ್ಲೇ ಇದೆ. ಧೂಳು ಒರೆಸುವಾಗ ಎತ್ತಿ ಅಲ್ಲೇ ಇಡುತ್ತಿದ್ದೆ.

ಆಟದ ವಿಷಯ. ಕತ್ತರಿ ದಿನಾ ಬಂದು, "ಆ ಬಾಗಿಲು ತೆಗೀರಿ ಯಜಮಾನ್ರೇ, ಒಳಗೇನಿದೆ ನೋಡೋಣ" ಎಂದು ಪ್ರಾಣ ತಿನ್ನುತ್ತಾನೆ. "ತಮ್ಮ ಬರ್ಲಿ ಕಣೋ" ಎನ್ನುತ್ತೇನೆ. ನಿನ್ನ ಅತ್ತಿಗೆ ಮಾತ್ರ ನಿನ್ನ ಆ ಬಟ್ಟೆ ಟೋಪಿ ನೋಡಲಾರದೆ, ಗರುಡನ ಶಿರಸ್ತ್ರಾಣವನ್ನು ನನ್ನ ತಲೆಯಿಂದ ತೆಗೆದು ನಿನ್ನ ತಲೆಗೆ ಇಟ್ಟೇಬಿಡಿ ಎಂದು ಹಟ ಹಿಡಿದಿದ್ದಾಳೆ. ಅದು ನಿನ್ನ ಮನೆ, ನಿನ್ನನ್ನು ಕೇಳದೆ ಮುಟ್ಟುವುದಿಲ್ಲ. ಮುಟ್ಟಬಹುದೇ? ಒಪ್ಪಿದೆ ಎಂದು ಒಂದು ಸಾಲು ಬರೆ. ಸೂಜಿ ತೆಗೆದ ಕೂಡಲೇ, ನಿನ್ನದೇ ಕೈಯಲ್ಲಿ, ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಅಂಚೆಯವನಿಗಾಗಿ ನಾಳೆಯಿಂದಲೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತೇನೆ. ಕಾಯುವುದರಲ್ಲಿ ನನ್ನಷ್ಟು ಪಳಗಿದವರಿಲ್ಲ ಎಂದು ನಿನಗೂ ಗೊತ್ತು. ಆದರೂ ಪರೀಕ್ಷೆ ಮಾಡಬೇಡ, ಬೇಗ ಬರೆ.

ಅಣ್ಣ